ಪ್ಲಸ್ ಆರ್ ಮೈನಸ್ ಎಷ್ಟು?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ವೈವಾ. ಬಾಹ್ಯಾಕಾಶದಿಂದ ಮರಳುವ ನೌಕೆಯ ಮೂತಿ ವಾತಾವರಣದಲ್ಲಿ ಎಷ್ಟು ಕಾಯುತ್ತದೆ ಎಂದು ಸಿಮ್ಯುಲೇಷನ್ ಮಾಡಿ, ಕೆಂಪು–ಹಳದಿ ಬಣ್ಣದ ಚಿತ್ರ ತೋರಿಸಿದ್ದೆ. ಉತ್ತರವನ್ನು ದಶಮಾಂಶದ ನಂತರ ಮೂರು ಅಂಕಿಗಳವರೆಗೆ ಬರೆದಿದ್ದೆ. ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ‘ಇದಕ್ಕೆ ಪ್ಲಸ್ ಆರ್ ಮೈನಸ್ ಎಷ್ಟಮ್ಮ?’ ನನ್ನ ಬಳಿ ಉತ್ತರವಿರಲಿಲ್ಲ.

ಹಾಸ್ಟೆಲ್‌ಗೆ ಬಂದು ಕ್ಯಾಲ್ಕುಲೇಟರ್ ಹಿಡಿದು ಕೂತೆ. ಸರಳ ಸೂತ್ರದ ಪ್ರಕಾರ ಮೂತಿಗೆ ತಗಲುವ ಶಾಖ ವೇಗದ ಘನಕ್ಕೆ, ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ವೇಗದಲ್ಲಿ ಶೇ 1ರಷ್ಟು ತಪ್ಪಾದರೆ ಶಾಖದಲ್ಲಿ ಶೇ 3ರಷ್ಟು ತಪ್ಪು. ಸಾಂದ್ರತೆ ಶೇ 10ರಷ್ಟು ಹೆಚ್ಚಿದರೆ ಶಾಖ ಸುಮಾರು ಶೇ 5ರಷ್ಟು ಹೆಚ್ಚು. ಮೇಲಿನ ವಾತಾವರಣದ ಸಾಂದ್ರತೆಯೋ ದಿನದಿಂದ ದಿನಕ್ಕೆ ಬದಲಾಗುತ್ತದೆ. ಶಬ್ದದ 20 ಪಟ್ಟಿಗೂ ಮಿಗಿಲಾದ ವೇಗದಲ್ಲಿ ನೌಕೆಯ ಮುಂದಿನ ಗಾಳಿ ಎಷ್ಟು ಕಾಯುತ್ತದೆಂದರೆ ಆಮ್ಲಜನಕ, ಸಾರಜನಕದ ಅಣುಗಳೇ ಒಡೆಯುತ್ತವೆ. ಒಡೆದ ಪರಮಾಣುಗಳು ನೌಕೆಯ ಮೈಮೇಲೆ ಮತ್ತೆ ಕೂಡಿಕೊಂಡರೆ ಇನ್ನಷ್ಟು ಶಾಖ. ಈ ದರಗಳನ್ನು ಖಚಿತವಾಗಿ ಅಳೆಯುವುದು ಕಷ್ಟ. ಅದಕ್ಕೇ ಪರಿಣತರು ಒಂದೇ ಸಲ ಲೆಕ್ಕ ಹಾಕಿ ಸುಮ್ಮನಾಗುವುದಿಲ್ಲ. ಮಾಂಟೆ ಕಾರ್ಲೊ ವಿಧಾನದಲ್ಲಿ ಈ ಮೌಲ್ಯಗಳನ್ನು ಬದಲಿಸುತ್ತ ಸಾವಿರಾರು ಸಲ ಹಾಕುತ್ತಾರೆ. ಆಗ ಸಿಗುವುದು ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ.

ಅಷ್ಟು ಸಾಕೇ? ನಾಸಾದ ಒರಾಯನ್ ನೌಕೆಯ ಕಥೆ ನೋಡಿ. ಆರ್ಟೆಮಿಸ್–1 ಯಾನದಲ್ಲಿ ಅದು ಗಗನಯಾತ್ರಿಗಳಿಲ್ಲದೆ ಚಂದ್ರನ ಬಳಿ ಹೋಗಿ, 2022ರ ಡಿಸೆಂಬರ್ 11ರಂದು ಪೆಸಿಫಿಕ್ ಸಾಗರಕ್ಕೆ ಇಳಿಯಿತು. ಶಾಖಕವಚ ಮಾತ್ರ ಊಹಿಸಿದಂತೆ ಸವೆದಿರಲಿಲ್ಲ; ನೂರಕ್ಕೂ ಹೆಚ್ಚು ಕಡೆ ಸುಟ್ಟ ಪದರ ಚೂರುಚೂರಾಗಿ ಕಳಚಿತ್ತು. ಕಾರಣವನ್ನು ನಾಸಾ ತಿಳಿಸಿದ್ದು 2024ರ ಡಿಸೆಂಬರ್‌ನಲ್ಲಿ. ನೌಕೆ ವಾತಾವರಣಕ್ಕೆ ಒಮ್ಮೆ ಇಳಿದು, ಮೇಲೆದ್ದು, ಮತ್ತೆ ಇಳಿದಿತ್ತು. ನಡುವಿನ ಹೊತ್ತಿನಲ್ಲಿ ಹೊರಗಿನ ಶಾಖ ತಗ್ಗಿದರೂ ಕವಚದೊಳಗೆ ಅನಿಲ ಹುಟ್ಟುತ್ತಲೇ ಇತ್ತು. ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ ಕವಚ ಬಿರುಕು ಬಿಟ್ಟಿತು. ನೆಲದ ಪರೀಕ್ಷೆಗಳಲ್ಲಿ ಇನ್ನೂ ಜೋರಾಗಿ ಕಾಯಿಸಿದ್ದರು. ಅಲ್ಲಿ ಸುಟ್ಟ ಪದರ ಬೇಗ ರೂಪುಗೊಂಡು ಅನಿಲಕ್ಕೆ ದಾರಿ ಬಿಟ್ಟಿತ್ತು. ಅಂದರೆ, ಕಡಿಮೆ ಶಾಖವೇ ಹೆಚ್ಚು ಹಾನಿ ಮಾಡಿತ್ತು!

ನಾಲ್ವರನ್ನು ಹೊತ್ತೊಯ್ಯುವ ಆರ್ಟೆಮಿಸ್–2ಕ್ಕೆ ಅದೇ ಬಗೆಯ ಕವಚ ಇಟ್ಟುಕೊಂಡು, ಮರಳುವ ಹಾದಿಯನ್ನಷ್ಟೇ ಬದಲಿಸಲು ನಾಸಾ ನಿರ್ಧರಿಸಿತು. ಮೊದಲ ಯಾನದಲ್ಲಿ ಕ್ಯಾಬಿನ್ ಒಳಗಿನ ತಾಪಮಾನ ಹಿತವಾಗಿಯೇ ಇತ್ತು ಎಂಬುದು ಅದರ ಒಂದು ಆಧಾರ. ಕಾರಣ ತಿಳಿದ ಮೇಲೆ ಕೈಗೊಂಡ ನಿರ್ಧಾರವಾದ್ದರಿಂದ ಇದನ್ನು ದುಡುಕು ಎನ್ನಲಾರೆ. ಆದರೆ ನನಗೆ ಕಂಡ ಪಾಠ ಬೇರೆ. ಸಾವಿರ ಸಲ ಲೆಕ್ಕ ಹಾಕಿದರೂ, ನಾವು ಒಳಗೆ ಹಾಕಿದ ಅನುಮಾನಗಳಷ್ಟೇ ಹೊರಗೆ ಬರುತ್ತವೆ. ಹೊಳೆಯದೇ ಉಳಿದದ್ದನ್ನು ಹಾರಾಟವೇ ತೋರಿಸಬೇಕು.

ನೆಲದ ಪರೀಕ್ಷೆಗೂ ಮಿತಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇರುವ ಶಾಕ್ ಟನಲ್‌ಗಳಲ್ಲಿ ಪ್ರಯೋಗ ನಡೆಯುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ನೌಕೆ ಕಾಯುವುದು ನಿಮಿಷಗಟ್ಟಲೆ. ಇಸ್ರೊ 2014ರ ಡಿಸೆಂಬರ್ 18ರಂದು ಖಾಲಿ ಕ್ರೂ ಮಾಡ್ಯೂಲ್ ಒಂದನ್ನು ಸುಮಾರು 126 ಕಿ.ಮೀ. ಎತ್ತರದಿಂದ ಬಂಗಾಳ ಕೊಲ್ಲಿಗೆ ಇಳಿಸಿತ್ತು. ಆದರೆ ಅದು ಕಕ್ಷೆಯಿಂದ ಮರಳಿದ್ದಲ್ಲ. ಕಕ್ಷೆಯಿಂದ ಬರುವಾಗಿನ ವೇಗ ಇನ್ನೂ ಹೆಚ್ಚು. ಶಾಖ ಬೆಳೆಯುವುದು ಅದರ ಘನದಂತೆ. 2022ಕ್ಕೆ ಆಗಬೇಕಿದ್ದ ಗಗನಯಾನ ತಡವಾಯಿತೆಂದು ನಾನೂ ಗೊಣಗಿದ್ದೆ. ಜನರನ್ನು ಕೂರಿಸುವ ಮೊದಲು ಮಾನವರಹಿತ ಹಾರಾಟಗಳು ಏಕೆಂದು ಈಗ ಅರ್ಥವಾಗಿದೆ.

ಕ್ಯಾಂಪಸ್ ಸಂದರ್ಶನಕ್ಕೆ ಹೋಗುವ ನಾವೆಲ್ಲ ರೆಸ್ಯೂಮೆಯಲ್ಲಿ ‘ಸಿಮ್ಯುಲೇಷನ್ ಸಾಫ್ಟ್‌ವೇರ್ ಗೊತ್ತು’ ಎಂದು ಬರೆಯುತ್ತೇವೆ. ಬಟನ್ ಒತ್ತಿದರೆ ಬಣ್ಣದ ಚಿತ್ರ ಯಾರಿಗಾದರೂ ಬರುತ್ತದೆ. ಅದನ್ನು ಎಷ್ಟು ನಂಬಬೇಕೆಂದು ಹೇಳಬಲ್ಲವರು ಎಂಜಿನಿಯರ್.

ವರದಿಯನ್ನು ನಾನು ತಿದ್ದಿ ಬರೆದೆ. ದಶಮಾಂಶದ ಅಂಕಿಗಳನ್ನು ಅಳಿಸಿ ವ್ಯಾಪ್ತಿ ಕೊಟ್ಟೆ. ಲೆಕ್ಕಕ್ಕೆ ಸೇರಿಸದ ಸಂಗತಿಗಳನ್ನು ಕೆಳಗೆ ಪಟ್ಟಿ ಮಾಡಿದೆ. ಲೆಕ್ಕಕ್ಕಿಂತ ಆ ಪಟ್ಟಿಯೇ ಉದ್ದವಾಯಿತು.