ಕ್ರೂಸರ್ ಬೈಕೂ ಹಿಂದಿನ ಸೀಟಿನವಳ ಸೊಂಟವೂ

ಕ್ರೂಸರ್ ಬೈಕು ಕೊಳ್ಳಬೇಕು ಅಂತ ತಲೆಗೆ ಹೊಕ್ಕ ಗಂಡಸರೆಲ್ಲ ಮನೆಯಲ್ಲಿ ಹೇಳೋ ಮಾತು ಒಂದೇ. "ಇಬ್ರೂ ಆರಾಮಾಗಿ ಊರೂರು ಸುತ್ತಬಹುದು ಕಣೇ." ಈ 'ಇಬ್ರೂ' ಅನ್ನೋದು ಮನೆಯಲ್ಲಿ ಒಪ್ಪಿಗೆ ಸಿಗೋ ತನಕ ಮಾತ್ರ. ಶೋರೂಮಿಗೆ ಹೋದ ಮೇಲೆ ಬೈಕ್ ಏರಿ ಕೂರೋನು ಒಬ್ಬನೇ, ಕನ್ನಡಿಯಲ್ಲಿ ಮುಖ ನೋಡ್ಕೊಳ್ಳೋನು ಒಬ್ಬನೇ, ಟೆಸ್ಟ್ ರೈಡ್ ಹೋಗಿ ಬರೋನೂ ಒಬ್ಬನೇ. ಜೊತೆಗೆ ಬಂದವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಅವರು ಕೊಟ್ಟ ನೀರು ಕಾಫಿ ಕುಡೀತಿರ್ತಾಳೆ. ಆಕೆಯನ್ನು ಕೇಳೋ ಪ್ರಶ್ನೆ ಒಂದೇ, "ಯಾವ ಕಲರ್ ತಗೊಳ್ಳೋಣ?"

ನನ್ನ ತಕರಾರು ಇಷ್ಟೇ. ಇಬ್ಬರು ಓಡಾಡೋದಕ್ಕೆ ಅಂತ ದೊಡ್ಡ ಕ್ರೂಸರ್ ಕೊಳ್ಳೋದಾದರೆ ಅದನ್ನು ಆರಿಸಬೇಕಾದವಳು ಹಿಂದೆ ಕೂರುವವಳು. ಮುಂದೆ ಕೂರುವವನ ಸುಖಕ್ಕೆ ಯಾವ ಕಂಪನಿಯೂ ಕಮ್ಮಿ ಮಾಡಲ್ಲ. ಅಗಲವಾದ ಸೀಟು, ಕೈಗೆ ಎಟುಕೋ ಹ್ಯಾಂಡಲ್, ಮುಂದೆ ಚಾಚಿದ ಕಾಲು, ಗುಡುಗುಡು ಸದ್ದು... ಎಲ್ಲ ಕ್ರೂಸರಿನಲ್ಲೂ ಅದೇ. ಬೈಕಿನಿಂದ ಬೈಕಿಗೆ ಭೂಮಿ ಆಕಾಶದ ವ್ಯತ್ಯಾಸ ಇರೋದು ಹಿಂದಿನ ಒಂದಡಿ ಜಾಗದಲ್ಲಿ. ಅದನ್ನೇ ಯಾರೂ ನೋಡಲ್ಲ!

ಹದಿಮೂರು ವರ್ಷದಿಂದ ಹಿಂದಿನ ಸೀಟಿನಲ್ಲಿ ಕೂತು ಕೊಡಗು, ಚಿಕ್ಕಮಗಳೂರು, ಕರಾವಳಿ, ಹಂಪಿ ಅಂತ ಸುತ್ತಿದ್ದೀನಿ. ಸ್ಕೂಟರ್ ಓಡಿಸ್ತೀನಿ, ಬೈಕ್ ಓಡಿಸಲ್ಲ. ಅದಕ್ಕೇ "ನಿಂಗೇನು ಗೊತ್ತಾಗತ್ತೆ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಅಲ್ಲಾ ಸ್ವಾಮಿ, ಹಿಂದಿನ ಸೀಟಿನ ಬಗ್ಗೆ ಓಡಿಸೋನಿಗೆ ಏನು ಗೊತ್ತು? ಯಾವತ್ತಾದ್ರೂ ಅಲ್ಲಿ ಕೂತು ಇನ್ನೂರು ಕಿಲೋಮೀಟರ್ ಹೋಗಿದ್ದಾನಾ?

ವಿಷಯ ಬಹಳ ಸರಳ. ಮುಂದೆ ಕೂತವನ ಜಾಗ ಎರಡು ಚಕ್ರಗಳ ನಡುವೆ. ಹಿಂದಿನ ಚಕ್ರ ಗುಂಡಿಗೆ ಬಿದ್ದು ಎದ್ದರೆ ಅದರ ಒಂದು ಪಾಲು ಮಾತ್ರ ಅವನಿಗೆ ತಲುಪತ್ತೆ, ಏತದಾಟದ ಹಲಗೆಯ ಮಧ್ಯೆ ಕೂತ ಹಾಗೆ. ನಾನು ಕೂರೋದು ಹಲಗೆಯ ತುದಿಯಲ್ಲಿ, ಹೆಚ್ಚುಕಮ್ಮಿ ಹಿಂದಿನ ಆಕ್ಸಲ್ ಮೇಲೆಯೇ. ಸಸ್ಪೆನ್ಷನ್ನು ನುಂಗದೆ ಬಿಟ್ಟಿದ್ದೆಲ್ಲ ನೇರ ನನ್ನ ಬೆನ್ನುಮೂಳೆಗೆ. ಸಾಲದ್ದಕ್ಕೆ ಗುಂಡಿ ಅವನಿಗೆ ಕಾಣತ್ತೆ, ಮೈ ಬಿಗಿ ಮಾಡ್ಕೊಂಡು ತಯಾರಾಗ್ತಾನೆ. ನನಗೆ ಕಾಣೋದು ಅವನ ಹೆಲ್ಮೆಟ್ಟಿನ ಹಿಂಭಾಗ.

ಇನ್ನು ಕ್ರೂಸರಿನ ಚಂದ ಅಂದರೆ ಸೀಟು ತಗ್ಗಾಗಿರೋದು. ಸೀಟು ತಗ್ಗಿಸಬೇಕಾದರೆ ಎಲ್ಲಿಂದಲಾದರೂ ಜಾಗ ಕದೀಬೇಕಲ್ಲ, ಕದಿಯೋದು ಹಿಂದಿನ ಸಸ್ಪೆನ್ಷನ್ನಿನಿಂದ. ಕವಾಸಾಕಿ ವಲ್ಕನ್ ಎಸ್ ಬೈಕಿನ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡೋದಕ್ಕೆ ಇರೋ ಜಾಗ 80 ಮಿಲಿಮೀಟರ್. ಹೆಚ್ಚುಕಮ್ಮಿ ನನ್ನ ಅಂಗೈ ಅಗಲ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650ಯಲ್ಲಿ 101. ಅದೇ ಕಂಪನಿಯ ಹಿಮಾಲಯನ್ 450ಯಲ್ಲಿ 200! ಈ ಲೆಕ್ಕ ಯಾವ ಗುಟ್ಟೂ ಅಲ್ಲ, ಕಂಪನಿಯವರೇ ಕೊಡ್ತಾರೆ. ಆದರೆ ಸಿಸಿ ಎಷ್ಟು, ಟಾರ್ಕ್ ಎಷ್ಟು ಅಂತ ಬಾಯಿಪಾಠ ಒಪ್ಪಿಸೋರಿಗೆ ಈ ಒಂದು ಸಂಖ್ಯೆ ಮಾತ್ರ ಕಣ್ಣಿಗೆ ಬೀಳಲ್ಲ.

"ಹೈವೇ ಬೈಕು ಕಣೇ, ಹೈವೇಯಲ್ಲಿ ಗುಂಡಿ ಎಲ್ಲಿ?" ಅಂತಾರೆ. ಯಾವ ಹೈವೇ? 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡೋದು ನಿಲ್ಲಿಸಿದರು. ಲಕ್ಷಗಟ್ಟಲೆ ಕೊಟ್ಟ ಕ್ರೂಸರೂ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪು, ಅದರ ಹಿಂದೆ ಇನ್ನೊಂದು ಹಂಪು, ಮಧ್ಯೆ ಒಂದು ಹಸು. ಆ ದಾರಿಯಲ್ಲಿ ಮೈಸೂರು ಮುಟ್ಟೋ ಹೊತ್ತಿಗೆ ಅಂಗೈ ಅಗಲದ ಸಸ್ಪೆನ್ಷನ್ ಅಂದರೆ ಏನು ಅಂತ ಸೊಂಟಕ್ಕೆ ಅರ್ಥ ಆಗಿರತ್ತೆ.

ಎರಡನೇ ಸಮಾಧಾನ, "ಆಮೇಲೆ ಸೀಟು ಬದಲಾಯಿಸೋಣ ಬಿಡು." ಸರಿ, ದಪ್ಪ ಸ್ಪಂಜು ಹಾಕಿಸಬಹುದು, ಒರಗು ಹಾಕಿಸಬಹುದು. ಆದರೆ ಇಲ್ಲದ ಸಸ್ಪೆನ್ಷನ್ನನ್ನು ಸ್ಪಂಜು ತಂದುಕೊಡಲ್ಲ. ಗಿಡ್ಡ ಸೀಟಿಗೆ ಹಿಂದೆ ಸೇರಿಸ್ತಾ ಹೋದರೆ ಕೂತವಳ ಭಾರ ಆಕ್ಸಲ್ಲಿಗಿಂತ ಹಿಂದೆ ಸರಿದು ಮುಂದಿನ ಚಕ್ರ ಹಗುರ ಆಗತ್ತೆ. ಅದು ನನ್ನ ಸೊಂಟದ ಪ್ರಶ್ನೆ ಅಲ್ಲ, ಇಬ್ಬರ ಜೀವದ್ದು.

ಒಂಟಿ ಸೀಟಿನ ಶೋಕಿ ನಮ್ಮಲ್ಲಿ ಶುರುವಾಗಿದ್ದು 2009ರ ಕ್ಲಾಸಿಕ್ 500 ಬಂದ ಮೇಲೆ ಅಂತ ನನ್ನ ಗುಮಾನಿ. ಅದಕ್ಕೆ ಸ್ಪ್ರಿಂಗಿನ ಒಂಟಿ ಸೀಟು, ಹಿಂದಿನವರದು ಬೇರೆಯಾಗಿ ತಗಲಿಸಬೇಕಿತ್ತು. ಅದಕ್ಕೂ ಮುಂಚಿನ ಬೈಕುಗಳನ್ನು ನೆನಪು ಮಾಡ್ಕೊಳ್ಳಿ. ನಮ್ಮ ಮೈಸೂರಿನಲ್ಲೇ 1996ರವರೆಗೆ ತಯಾರಾಗ್ತಿದ್ದ ಯೆಜ್ಡಿಗೆ ಉದ್ದಾನುದ್ದ ಚಪ್ಪಟೆ ಸೀಟು, ಗಂಡ ಹೆಂಡತಿ ಮಧ್ಯೆ ಒಂದು ಮಗು, ಮಡಿಲಲ್ಲಿ ಹಲಸಿನಹಣ್ಣು :-) ಕ್ರೂಸರ್ ಅಂತ ಯಾರೂ ಕರೀಲಿಲ್ಲ ಅಷ್ಟೇ. ಜಾವಾ ಪೆರಾಕ್ ಥರದ ಬಾಬರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕಿರೋದು ಒಂದೇ ಸೀಟು, ನಿನಗೆ ಜಾಗ ಇಲ್ಲ ಅಂತ ಮುಖಕ್ಕೇ ಹೇಳಿಬಿಡತ್ತೆ. ಸಿಟ್ಟು ಬರೋದು ಮಡ್‌ಗಾರ್ಡ್ ಮೇಲೆ ಬಿಸ್ಕತ್ತಿನಂಥ ಮೆತ್ತೆ ಅಂಟಿಸಿ 'ಇಬ್ಬರಿಗೆ' ಅಂತ ಮಾರೋರ ಮೇಲೆ, ಅದನ್ನು ನಂಬಿದ ಹಾಗೆ ನಟಿಸಿ ಕೊಳ್ಳೋರ ಮೇಲೆ.

ಕಾನೂನು ನಮ್ಮ ಗಂಡಂದಿರಿಗಿಂತ ವಾಸಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಓದಿ ನೋಡಿ. ಹಿಂದೆ ಕೂರೋ ವ್ಯವಸ್ಥೆ ಇರೋ ಬೈಕಿಗೆ ಕೈಗೆ ಖಾಯಂ ಹಿಡಿ, ಕಾಲಿಗೆ ಮೆಟ್ಟು, ಬಟ್ಟೆ ಸಿಕ್ಕಿಹಾಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಾದರೂ ತಡೆ, ಮೂರೂ ಇರಲೇಬೇಕು. ನಮ್ಮವರು ಬೈಕು ಮನೆಗೆ ತಂದ ವಾರದಲ್ಲೇ ಮೊದಲು ಕಿತ್ತೆಸೆಯೋದು ಯಾವುದು ಹೇಳಿ? ಸೀರೆ ಗಾರ್ಡು! ಲುಕ್ ಹಾಳಾಗತ್ತಂತೆ. ದುಪ್ಪಟ್ಟಾ ಚಕ್ರಕ್ಕೆ ಸುತ್ತಿದರೆ ಏನೇನು ಹಾಳಾಗತ್ತೆ ಅಂತ ಯಾವುದಾದರೂ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಕೇಳಬೇಕು. 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಆಯ್ತು. ನಮಗೂ ತಲೆ ಇದೆ ಅಂತ ಸರ್ಕಾರ ಒಪ್ಪಿಕೊಂಡು ಹತ್ತು ವರ್ಷದ ಹತ್ತಿರ ಆಯ್ತು. ಬೆನ್ನೂ ಇದೆ ಅಂತ ಮನೆಯವರು ಯಾವಾಗ ಒಪ್ಕೋತಾರೋ.

ಹಾಗಂತ ಕ್ರೂಸರೇ ಬೇಡ ಅಂತ ನಾನು ಹೇಳಲ್ಲ. ಸ್ಪೋರ್ಟ್ಸ್ ಬೈಕಿನ ಹಿಂದೆ ಮರದ ಕೊಂಬೆಗೆ ಕೂತ ಕೋತಿಯ ಥರ ಇರೋದಕ್ಕಿಂತ ಇದು ಸಾವಿರ ಪಾಲು ಮೇಲು. ತಗ್ಗು ಸೀಟಿಗೆ ನನ್ನಂಥ ಕುಳ್ಳಿ ಯಾರ ಹೆಗಲೂ ಹಿಡೀದೆ ಹತ್ತಬಹುದು. ದೊಡ್ಡ ಇಂಜಿನ್ನಿಗೆ ಪದೇ ಪದೇ ಗೇರ್ ಬದಲಾಯಿಸಬೇಕಿಲ್ಲ, ಹಾಗಾಗಿ ನನ್ನ ಹೆಲ್ಮೆಟ್ ಅವನ ಹೆಲ್ಮೆಟ್ಟಿಗೆ ಟಕ್ ಟಕ್ ಬಡಿಯಲ್ಲ. ಆಗುಂಬೆಯ ಹದಿನಾಲ್ಕು ತಿರುವು ಹತ್ತುವಾಗ ಇದರ ಬೆಲೆ ತಿಳಿಯತ್ತೆ.

ಯಾವುದು ಕೊಳ್ಳೋದು ಹಾಗಾದರೆ? ಹೋಂಡಾ ಗೋಲ್ಡ್ ವಿಂಗ್ ಟೂರ್ ಅಂತ ಒಂದಿದೆ, 1,833 ಸಿಸಿ, ಆರು ಸಿಲಿಂಡರು. ಹಿಂದೆ ಕೂರೋರನ್ನು ಮೊದಲು ಕೂರಿಸಿ ಆಮೇಲೆ ಬೈಕು ಕಟ್ಟಿದ ಹಾಗಿದೆ. ಬೆಲೆ ಕೇಳಿದರೆ ಸೊಂಟನೋವೇ ವಾಸಿ ಅನಿಸತ್ತೆ, ಬಿಡಿ. ನಮ್ಮ ಕೈಗೆ ಎಟುಕೋದು ಮೀಟಿಯರ್ 350, ಸೂಪರ್ ಮೀಟಿಯರ್ 650. ವರ್ಷಕ್ಕೆ ಎರಡು ಸಲ ಧರ್ಮಸ್ಥಳವೋ ಸಕಲೇಶಪುರವೋ ಹೋಗೋರಿಗೆ 350 ಸಾಕು. ಇಬ್ಬರ ಜೊತೆ ಬ್ಯಾಗೂ ಇದ್ದರೆ ಅದರ ಇಪ್ಪತ್ತು ಕುದುರೆ ಘಾಟಿಯಲ್ಲಿ ಏದುಸಿರು ಬಿಡ್ತವೆ ನಿಜ, ಲಾರಿಯ ಹಿಂದೆ ತಾಳ್ಮೆಯಿಂದ ಹೋದರಾಯ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡಾ 18, ಅದಕ್ಕಿಂತ ದೊಡ್ಡದಕ್ಕೆ 40. ಉಳಿದ ದುಡ್ಡಲ್ಲಿ ಹೆಂಡತಿಗೂ ಒಂದು ಒಳ್ಳೇ ಜಾಕೆಟ್ ಕೊಡಿಸಿ. ತಿಂಗಳಿಗೊಂದು ದೂರದ ಊರು ಅನ್ನೋರು 650ಕ್ಕೆ ಹೋಗಿ, ಆದರೆ ಹಿಂದಿನವರಿಗೆ ಒರಗು, ಮುಂದೆ ಗಾಳಿ ತಡೆಯೋ ಗಾಜು ಇರೋ ಮಾದರಿಯನ್ನೇ ತಗೊಳ್ಳಿ. 241 ಕೆಜಿ ಬೈಕದು. ಇಬ್ಬರನ್ನು ಹೊತ್ತು ಸಿಗ್ನಲ್ಲಿನಲ್ಲಿ ವಾಲಿದರೆ ಹಿಡಿಯೋ ಶಕ್ತಿ ನಿಮ್ಮ ಕಾಲಿಗಿದೆಯಾ ಅಂತಲೂ ನೋಡ್ಕೊಳ್ಳಿ, ಗಡ್ಡ ಬಿಟ್ಟರೆ ಸಾಲದು.

ಯಾವುದೇ ಇರಲಿ, ಹಿಂದೆ ಕೂರಿಸಿಕೊಳ್ಳೋ ಮುಂಚೆ ಮ್ಯಾನ್ಯುವಲ್ ತೆಗೆದು ಇಬ್ಬರಿಗೆ ಹೇಳಿರೋ ಗಾಳಿ ತುಂಬಿಸಿ, ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ ಏರಿಸಿ. ಹತ್ತು ನಿಮಿಷದ ಕೆಲಸ. ಕ್ರೋಮ್ ಉಜ್ಜೋದಕ್ಕೆ ಭಾನುವಾರ ಪೂರ್ತಿ ಕೊಡೋರಿಗೆ ಇದಕ್ಕೆ ಪುರುಸೊತ್ತಿಲ್ಲ!

ಹೆಂಗಸರಿಗೆ ಒಂದು ಮಾತು. ಕಾಫಿ ಆಮೇಲೆ ಕುಡಿಯಿರಿ, ಟೆಸ್ಟ್ ರೈಡಿಗೆ ನೀವೂ ಹತ್ತಿ. ಶೋರೂಮಿನ ಮುಂದಿನ ನುಣ್ಣನೆ ರಸ್ತೆ ಬೇಡ, ಹಂಪಿರೋ ಗಲ್ಲಿಗಳಲ್ಲಿ ಅರ್ಧ ಗಂಟೆ ಹೋಗಿ ಬನ್ನಿ. ಮಂಡಿ ಎಷ್ಟು ಮಡಚತ್ತೆ, ಕೈಗೆ ಏನು ಸಿಗತ್ತೆ, ಬ್ರೇಕ್ ಹಾಕಿದಾಗ ಎಷ್ಟು ಜಾರ್ತೀರಿ, ನೋಡಿ. ಇಬ್ಬರನ್ನು ಬಿಡಲ್ಲ ಅಂದರೆ ಮುಂಗಡ ಕೊಡಬೇಡಿ. ಹಾಂ, ಹೆಲ್ಮೆಟ್ ಮನೆಯಿಂದಲೇ ತಗೊಂಡು ಹೋಗಿ, ನಾನು ಹೋದ ಕಡೆಯೆಲ್ಲ ಶೋರೂಮಿನವರ ಹತ್ರ ಇದ್ದಿದ್ದು ಒಂದೇ.