ಅಜ್ಜಿಯ ಹಂಡೆ ಮತ್ತು ತಾಂಬಟ್ ಆಳಿ



ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಈ ಸಲ ರಜೆಯಲ್ಲಿ ಮೆಕ್ಸಿಕೋ ದೇಶದ ಒಹಾಕಾ ಎಂಬ ಪ್ರಾಂತಕ್ಕೆ ಹೋಗಿ, ಮೆಜ್ಕಾಲ್ ತಯಾರಿಸುವ ಒಂದು ಹಳ್ಳಿಯಲ್ಲಿ ಮೂರು ದಿನ ಇದ್ದು ಬಂದ. ಮೆಜ್ಕಾಲ್ ಎಂದರೆ ಮದ್ಯ. ಸಂಘದ ಪತ್ರಿಕೆಯಲ್ಲಿ ಕಾಕು ಇದೇನು ಹೆಂಡದ ಪುರಾಣ ತೆಗೆದಳು ಎಂದು ಹುಬ್ಬೇರಿಸಬೇಡಿ. ನಾನು ಹೇಳಹೊರಟಿದ್ದು ಪಾತ್ರೆಯ ವಿಷಯ.

ನಮ್ಮಲ್ಲಿ ರೈಲು ಹಳಿಗಳ ಪಕ್ಕ, ಹೊಲದ ಬದುಗಳ ಮೇಲೆ ಕತ್ತಾಳೆ ಬೆಳೆಯುತ್ತದಲ್ಲ, ನಿಮ್ಮ ಮರಾಠಿ ಗೆಳೆಯರು ಘಾಯಪಾತ್ ಎನ್ನುತ್ತಾರೆ, ಅದರ ಬಂಧು ಬಳಗವನ್ನೇ ಅವರು ಏಳೆಂಟು ವರ್ಷ ಬೆಳೆಸುತ್ತಾರಂತೆ. ಎಲೆ ಸವರಿ, ನಡುವಿನ ದಿಂಡನ್ನು ಕಾದ ಕಲ್ಲುಗಳ ಗುಂಡಿಯಲ್ಲಿ ಹೂತು ದಿನಗಟ್ಟಲೆ ಬೇಯಿಸಿ, ಕುದುರೆ ಎಳೆಯುವ ಕಲ್ಲಿನ ಗಾಲಿಯಲ್ಲಿ ಅರೆದು, ಮರದ ತೊಟ್ಟಿಯಲ್ಲಿ ಹುಳಿ ಬರಿಸಿ, ಕೊನೆಗೆ ತಾಮ್ರದ ಪಾತ್ರೆಯಲ್ಲಿ ಬಟ್ಟಿ ಇಳಿಸುವುದು. ಆ ಪಾತ್ರೆಯ ಫೋಟೋ ಕಳಿಸಿದ್ದ. ನೋಡಿದರೆ, ಹೊಟ್ಟೆ ಉಬ್ಬಿದ, ಹೊಗೆ ಹಿಡಿದ, ಥೇಟ್ ನಮ್ಮ ಬಚ್ಚಲ ಹಂಡೆ!

ಹಂಡೆ ಎಂದೆನಲ್ಲ, ಅದೇ ವಾರ ನಮ್ಮ ಮನೆಯಲ್ಲಿ ಅದರದೇ ಜಗಳ ನಡೆದಿತ್ತು. ನನ್ನ ತಾಯಿಯ ಮದುವೆಯಲ್ಲಿ, 1966ರಲ್ಲಿ, ಧಾರವಾಡದಲ್ಲಿ ಕೊಟ್ಟ ತಾಮ್ರದ ಹಂಡೆ ಅದು. ತವರು ಮನೆ ಮಾರಿದಾಗ ನನ್ನ ಪಾಲಿಗೆ ಬಂತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದಕ್ಕೆ ಬಾಲ್ಕನಿಯೇ ಗತಿ. ತಳದಲ್ಲಿ ಸೋರುತ್ತಿತ್ತು, ಒಂದು ಪಕ್ಕ ಒಳಕ್ಕೆ ಕುಸಿದಿತ್ತು. "ಅಮ್ಮಾ, ತಾಮ್ರಕ್ಕೆ ಒಳ್ಳೇ ರೇಟಿದೆ, ಕೊಟ್ಟುಬಿಡೋಣ" ಎಂದ ಮಗ. ಅವನದೇನೂ ತಪ್ಪಿಲ್ಲ. ಅವನು ಗ್ಯಾಸ್ ಗೀಸರಿನ ಕಾಲದಲ್ಲಿ ಹುಟ್ಟಿದವನು. ನಾನು ಮಾತ್ರ ಹಟ ಹಿಡಿದು, ಅವನ ಕೈಲೇ ಹಂಡೆ ಹೊರಿಸಿ, ರಿಕ್ಷಾ ಮಾಡಿ ತಾಂಬಟ್ ಆಳಿಗೆ ಹೊರಟೆ.

ನಿಮ್ಮಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿದ್ದೀರಿ? ಪುಣೆಯಲ್ಲೇ ಹುಟ್ಟಿದವರು ನೀವು, ಆದರೂ ಕೇಳುತ್ತಿದ್ದೇನೆ. ಶನಿವಾರವಾಡೆಗೆ ಹತ್ತಿರ, ಊರಿನ ಹಳೆಯ ಭಾಗವಾದ ಕಸಬಾ ಪೇಠದಲ್ಲಿದೆ. 2024ರಿಂದ ಮೆಟ್ರೋ ಕೂಡ ಆ ಕಡೆ ಹೋಗುತ್ತದೆ. ವಿಳಾಸ ಕೇಳುವುದು ಬೇಡ, ಟಣ್ ಟಣ್ ಸದ್ದಿನ ಹಿಂದೆ ನಡೆದರೆ ಸಾಕು. ತಾಂಬಟರು ತ್ವಷ್ಟಾ ಕಾಸಾರರು. ಕೊಂಕಣದ ಕಡೆಯಿಂದ ಬಂದು ಪೇಶ್ವೆಗಳ ಆಶ್ರಯದಲ್ಲಿ ನೆಲೆ ಕಂಡವರು. 1818ರಲ್ಲಿ ಪೇಶ್ವಾಯಿ ಮುಗಿದರೂ ಇವರ ಸುತ್ತಿಗೆ ನಿಲ್ಲಲಿಲ್ಲ. ಹಂಡೆ, ಘಂಗಾಳ, ನೀರು ಕಾಯಿಸುವ ಬಂಬು ಎಂದು ಮನೆ ಮನೆಗೂ ಪಾತ್ರೆ ಮಾಡಿಕೊಟ್ಟರು. ಆಮೇಲೆ ಅಲ್ಯುಮಿನಿಯಂ ಬಂತು, ಸ್ಟೀಲು ಬಂತು, ಗೀಸರು ಬಂತು. ಈಗ ಉಳಿದಿರುವುದು ಕೆಲವೇ ಮನೆತನಗಳು.

ನಾವು ಹೋದ ಅಂಗಡಿಯ ಅಜ್ಜ ಹಂಡೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ರೋಗಿಯ ನಾಡಿ ಹಿಡಿದ ವೈದ್ಯರಂತೆ ತಲೆಯಾಡಿಸಿದರು. ತಾಮ್ರವನ್ನು ಬಡಿದಷ್ಟೂ ಅದು ಗಡಸಾಗುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ಆದ್ದರಿಂದ ನಡುನಡುವೆ ಕೆಂಪಗೆ ಕಾಯಿಸಬೇಕು, ಆಗ ಮತ್ತೆ ಮೆತ್ತಗಾಗುತ್ತದೆ. ಕಬ್ಬಿಣದ ಹಾಗಲ್ಲ, ಕಾದ ಉಕ್ಕನ್ನು ನೀರಿಗೆ ಹಾಕಿದರೆ ಗಡಸಾಗುತ್ತದೆ, ತಾಮ್ರ ನೀರಿಗೆ ಬಿದ್ದರೂ ಮೆತ್ತಗೇ ಇರುತ್ತದೆ. ನಮ್ಮ ಹಂಡೆಯನ್ನೂ ಹಾಗೇ ಕಾಯಿಸಿ, ಕುಸಿದ ಭಾಗವನ್ನು ಒಳಗಿನಿಂದ ಎಬ್ಬಿಸಿದರು. ತಳಕ್ಕೆ ತೇಪೆ ಹಾಕಿ ಬೆಸೆದರು. ಕೊನೆಗೆ ಮಾಠಾರ್‌ಕಾಮ್. ನುಣುಪು ಮುಖದ ಸುತ್ತಿಗೆಯಿಂದ ಸಾಲು ಸಾಲಾಗಿ ಹೊಡೆಯುವ ದುಂಡು ಗುರುತುಗಳಿಗೆ ಆ ಹೆಸರು. ಅದು ಬರೀ ಅಂದಕ್ಕಲ್ಲ, ಪಾತ್ರೆಗೆ ಬಲ ಕೊಡುವುದೇ ಅದು.

"ನಾನೊಂದಿಷ್ಟು ಹೊಡೆಯಲೇ?" ಎಂದೆ. ಅಜ್ಜ ನಕ್ಕು ಒಂದು ಹಾಳು ತಗಡು ಕೊಟ್ಟರು. ಹತ್ತು ಏಟು ಹೊಡೆದೆ, ಹತ್ತೂ ಅರ್ಧಚಂದ್ರಗಳು! ಸುತ್ತಿಗೆಯ ಅಂಚು ತಾಗುತ್ತಿತ್ತು. ಆಗ ಅವರು ಹೇಳಿಕೊಟ್ಟರು: ಸುತ್ತಿಗೆ ಅಲೆದಾಡಬಾರದು, ಒಂದೇ ಜಾಗದಲ್ಲಿ ಏಳಬೇಕು, ಬೀಳಬೇಕು. ತಿರುಗಬೇಕಾದದ್ದು ಎಡಗೈಯಲ್ಲಿರುವ ಪಾತ್ರೆ. ಚಪಾತಿ ಲಟ್ಟಿಸುವ ನನಗೆ ಇದು ತಕ್ಷಣ ತಿಳಿಯಿತು, ಆದರೆ ಕೈಗೆ ಮಾತ್ರ ಬರಲಿಲ್ಲ. ಅರ್ಧ ಗಂಟೆಯಲ್ಲಿ ಮೂರು ದುಂಡು ಗುರುತು ಬಿದ್ದವು. ಮರುದಿನ ತೋಳು ಎತ್ತಲಾಗಲಿಲ್ಲ. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನ ಠಠೇರರ ಇದೇ ಬಗೆಯ ಕೆಲಸವನ್ನು ಯುನೆಸ್ಕೋದವರು 2014ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿದರು. ಪಟ್ಟಿಗೆ ಸೇರುವುದು ಸರಿಯೇ, ಸುತ್ತಿಗೆ ಹಿಡಿಯುವವರು ಬೇಕಲ್ಲ? ಈ ಅಜ್ಜನ ಮಗ ಹಿಂಜೇವಾಡಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಪ್ಪನಿಗೆ ಅದರ ಬಗ್ಗೆ ಅಸಮಾಧಾನವಿಲ್ಲ. ಕುಳಿತು ಕುಳಿತು ಮೊಣಕಾಲು, ಕೇಳಿ ಕೇಳಿ ಕಿವಿ ಹೋಗುವ ಕಸುಬು ಎಂದು ಅವರೇ ಹೇಳಿದರು.

ಕಂಠದ ಹತ್ತಿರ ಬಂದಾಗ ಅಜ್ಜನ ಸುತ್ತಿಗೆ ನಿಂತಿತು. ಹುಣಸೆಹಣ್ಣು ಹಚ್ಚಿ ಉಜ್ಜಿದ ಕಡೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಎದ್ದಿದ್ದವು.

"ಹೀ ಕುಠಲೀ ಅಕ್ಷರಂ?" ಎಂದು ಕೇಳಿದರು.

"ಕನ್ನಡ," ಎಂದೆ.

"ಇಲ್ಲಿ ಹೊಡೆದರೆ ಅಳಿಸಿಹೋಗುತ್ತವೆ. ಬಿಟ್ಟರೆ ಈ ಪಟ್ಟಿ ಸ್ವಲ್ಪ ಮೆತ್ತಗೇ ಉಳಿಯುತ್ತದೆ. ಬೇಕಾದದ್ದೇ ಬರೆದಿದೆಯೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ಬಗ್ಗಿದ. ನಮ್ಮ ಸಂಘದ ಭಾನುವಾರದ ಕನ್ನಡ ವರ್ಗಕ್ಕೆ ಒಂದು ವರ್ಷ ಹೋಗಿ, ಕ್ರಿಕೆಟ್ ಸಲುವಾಗಿ ಬಿಟ್ಟವನು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. ಒತ್ತಕ್ಷರಕ್ಕೆ ಬಂದು ತಡೆದ. "ಅಮ್ಮಾ, ಕೆಳಗೆ ಈ ಬಾಲ ಏನು?" ನಾನು ಹೇಳಲಿಲ್ಲ. ಪಕ್ಕದ ಅಂಗಡಿಯ ಟಣ್ ಟಣ್ ನಡೆದೇ ಇತ್ತು. ಅವನು ಮತ್ತೆ ಮೊದಲಿಂದ ಶುರುಮಾಡಿದ. ಮೂರನೆಯ ಸಲಕ್ಕೆ ಅಜ್ಜಿಯ ಹೆಸರು ಪೂರ್ತಿ ಬಂತು, ಆಮೇಲೆ ಧಾರವಾಡ, ಆಮೇಲೆ ಇಸವಿ.

"ಆಜೀಚಂ ನಾಂವ್ ಆಹೇ," ಎಂದ ಅಜ್ಜನಿಗೆ. "ಅಲ್ಲಿ ಹೊಡೆಯಬೇಡಿ."

ಈಗ ಹಂಡೆ ಒಳಗೆ ಬಂದಿದೆ. ಹಜಾರದ ಬಾಗಿಲ ಸಂದಿಯಲ್ಲಿ, ಓಡಾಡುವವರ ಕಾಲಿಗೆಲ್ಲ ಎಡತಾಕುತ್ತ ಕುಳಿತಿದೆ.