ಸೈಕಲ್ ಬದಲಾಯಿಸೋದು ಆಮೇಲೆ, ಮೊದಲು ನಾಚಿಕೆ ಬಿಡಿ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕಾರಣ ಇದೆ, ಎಡಗೈ ಸ್ಲಿಂಗ್‌ನಲ್ಲಿತ್ತು. ದೇವನಹಳ್ಳಿ ಆಚೆ ಅವತಿ ಬೆಟ್ಟದ ಕಲ್ಲುದಾರಿಯಲ್ಲಿ ಸೈಕಲ್ ಸಮೇತ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದೆ. ಆರು ವಾರ ಒಂದೇ ಕೈಯಲ್ಲಿ ಕೋಡ್ ಬರೆದವನ ಕಷ್ಟ ಕೇಳಬೇಡಿ. ಆದರೆ ಇವತ್ತು ಬರೀತಿರೋದು ಬಿದ್ದದ್ದರ ಬಗ್ಗೆ ಅಲ್ಲ, ಬಿದ್ದ ಮೇಲೆ ಸಿಕ್ಕ ಬುದ್ಧಿಮಾತುಗಳ ಬಗ್ಗೆ.

ಅಮ್ಮ "ಮಾರಿ ಹಾಕು ಆ ದರಿದ್ರ ಸೈಕಲ್ನ" ಅಂದಳು. ಅದು ಅವಳ ಹಕ್ಕು, ಬಿಡಿ. ನನಗೆ ಸಿಟ್ಟು ಬಂದದ್ದು ಜೊತೆಗೆ ಸೈಕಲ್ ಹೊಡೆಯೋ ಗೆಳೆಯರ ಮೇಲೆ. ಒಬ್ಬ "ಮಗಾ, ಹಾರ್ಡ್‌ಟೇಲ್‌ನಲ್ಲಿ ಇನ್ನೇನಾಗತ್ತೆ, ಫುಲ್ ಸಸ್ಪೆನ್ಷನ್ ತಗೋ" ಅಂದ. ಇನ್ನೊಬ್ಬ "ಹೆದರಿಕೊಂಡೆ, ಅದಕ್ಕೇ ಬಿದ್ದೆ. ಬ್ರೇಕ್ ಬಿಟ್ಟು ನುಗ್ಗಬೇಕಿತ್ತು" ಅಂದ. ಮೂರನೆಯವನದು ವೇದಾಂತ: "ಇದೆಲ್ಲ ಚಿಕ್ಕಂದಿನಲ್ಲೇ ಬರಬೇಕು ಕಣೋ, ಈ ವಯಸ್ಸಲ್ಲಿ ಆಗಲ್ಲ."

ಅಂದರೆ ದುಡ್ಡಿರಬೇಕು, ಇಲ್ಲ ಧೈರ್ಯ ಇರಬೇಕು, ಇಲ್ಲ ಪಡೆದುಕೊಂಡು ಬಂದಿರಬೇಕು. "ನಿನಗೆ ಬ್ರೇಕ್ ಹಿಡಿಯೋಕೆ ಬರತ್ತಾ?" ಅಂತ ಮಾತ್ರ ಒಬ್ಬನೂ ಕೇಳಲಿಲ್ಲ.

ಬರ್ತಿರಲಿಲ್ಲ ಸ್ವಾಮಿ!

ಅವತ್ತು ಆದದ್ದಿಷ್ಟು. ಇಳಿಜಾರಿನಲ್ಲಿ ಆರಾಮಾಗಿ ಸೀಟಿನ ಮೇಲೆ ಕೂತಿದ್ದೆ. ಮೊಣಕೈ ಎರಡೂ ಕೋಲಿನ ಹಾಗೆ ನೆಟ್ಟಗೆ. ಕಣ್ಣು ಮುಂದಿನ ಚಕ್ರದ ಎದುರಿಗಿದ್ದ ಕಲ್ಲಿನ ಮೇಲೆ. ತಿರುವಿನ ಮಧ್ಯದಲ್ಲಿ ಗಾಬರಿಯಾಗಿ ಮುಂದಿನ ಬ್ರೇಕನ್ನು ಗಬಕ್ಕನೆ ಅದುಮಿದೆ. ಚಕ್ರ ಜಾರಿತು, ನಾನೂ ಜಾರಿದೆ. ಇದರಲ್ಲಿ ಯಾವ ತಪ್ಪನ್ನು ಎರಡು ಲಕ್ಷದ ಸೈಕಲ್ ತಿದ್ದುತ್ತಿತ್ತು? ಧೈರ್ಯ ಇನ್ನಷ್ಟು ಇದ್ದಿದ್ದರೆ ಇನ್ನಷ್ಟು ಜೋರಾಗಿ ಬೀಳುತ್ತಿದ್ದೆ, ಅಷ್ಟೇ.

ಸಾಮಾನು ಮುಖ್ಯ ಅನ್ನೋರಿಗೆ ಸ್ವಲ್ಪ ಇತಿಹಾಸ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಜೋ ಬ್ರೀಝ್ ಮತ್ತವರ ಗೆಳೆಯರು ಸುಮಾರು ಮೂರು ಕಿಲೋಮೀಟರಿನಲ್ಲಿ ನಾನೂರು ಮೀಟರ್ ಇಳಿಯೋ ಒಂದು ಮಣ್ಣು ದಾರಿಯಲ್ಲಿ ರೇಸ್ ಶುರು ಮಾಡಿದರು. ಸೈಕಲ್ಲುಗಳೋ, ದಶಕಗಳಷ್ಟು ಹಳೆಯ, ಮಣಭಾರದ ಗುಜರಿ ಮಾಲು. ಸಸ್ಪೆನ್ಷನ್ ಅನ್ನೋ ಮಾತೇ ಇಲ್ಲ. ಎಷ್ಟೋ ಸೈಕಲ್ಲಿಗೆ ಇದ್ದದ್ದು ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯೋ ಬ್ರೇಕ್. ಕೆಳಗೆ ಬರುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಆ ರೇಸಿಗೆ 'ರೀಪ್ಯಾಕ್' ಅಂತ ಹೆಸರು ಬಂದದ್ದೇ ಹಾಗೆ. ರಾಕ್‌ಶಾಕ್ಸ್‌ನ ಮೊದಲ ಸಸ್ಪೆನ್ಷನ್ ಫೋರ್ಕ್ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಇವರಿಗೆಲ್ಲ ಸಸ್ಪೆನ್ಷನ್ ಯಾವುದು? ಅವರವರ ಮೊಣಕಾಲು, ಮೊಣಕೈ!

ವಯಸ್ಸಾಯ್ತು ಅನ್ನೋರಿಗೆ ಇನ್ನೊಂದು. ನಾರ್ವೆಯ ಗುನ್-ರೀಟಾ ಡಾಲೆ ಮೌಂಟನ್ ಬೈಕ್ ಹತ್ತಿದ್ದು 1995ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನಮಗೆ ಚಿನ್ನ ಬೇಡ ಮಾರಾಯ್ರೆ, ಕಾಲರ್ ಬೋನ್ ಉಳಿದರೆ ಸಾಕು :-)

ಹಾಗಾದ್ರೆ ದೊಡ್ಡವರಾದ ಮೇಲೆ ನಾವು ಯಾಕೆ ಕಲಿಯಲ್ಲ? ನನಗನ್ನಿಸೋದು, ನಾಚಿಕೆಗೆ. ತಿಪಟೂರಿನಲ್ಲಿ ಅಜ್ಜನ ಸೈಕಲ್ಲಿನಲ್ಲಿ ಒಳಪೆಡಲ್ ತುಳಿಯುವಾಗ ದಿನಕ್ಕೆ ಹತ್ತು ಸಲ ಬೀಳ್ತಿದ್ದೆ. ಬೀದಿಯವರೆಲ್ಲ ನೋಡಿ ನಗೋರು, ನಾನೂ ನಗ್ತಿದ್ದೆ. ಈಗ ಕೈಯಲ್ಲಿ ಡಿಗ್ರಿ, ಕುತ್ತಿಗೆಯಲ್ಲಿ ಐಡಿ ಕಾರ್ಡು. ಖಾಲಿ ಜಾಗದಲ್ಲಿ ಸುತ್ತು ಹಾಕ್ತಾ ಅಭ್ಯಾಸ ಮಾಡಿದರೆ ಯಾರಾದರೂ ನೋಡಿಬಿಟ್ಟಾರು ಅನ್ನೋ ಭಯ. ಅದಕ್ಕೇ ಸೀದಾ ಬೆಟ್ಟಕ್ಕೆ ಹೋಗಿ ಬೀಳ್ತೀವಿ.

ಕೈ ಸರಿಹೋಗಿ ಡಾಕ್ಟರ್ ಸರಿ ಅಂದಮೇಲೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಶುರು ಮಾಡಿದೆ. ದಿನಾ ಹದಿನೈದು ನಿಮಿಷ. ಎರಡನೇ ದಿನವೇ ವಾಚ್‌ಮನ್ ಬಂದು "ಏನ್ ಸಾರ್, ಸೈಕಲ್ ಕಲೀತಿದೀರಾ?" ಅಂದರು. ಒಂದು ಕ್ಷಣ ಮುಖ ಬಿಸಿಯಾಯ್ತು. ಆಮೇಲೆ "ಹೌದಣ್ಣಾ, ಕಲೀತಿದೀನಿ" ಅಂದೆ. ಅಷ್ಟು ಹೇಳಿದ್ದೇ ಎಷ್ಟೋ ಹಗುರ ಆಯ್ತು.

ಮಾಡಿದ್ದು ಮೂರೇ ಕೆಲಸ.

ಮೊದಲನೆಯದು, ನಿಲ್ಲೋದು. ಪೆಡಲ್ ಎರಡೂ ಸಮಮಟ್ಟದಲ್ಲಿಟ್ಟು, ಸೀಟಿನಿಂದ ಎದ್ದು, ಮೊಣಕಾಲು ಮೊಣಕೈ ಮಡಿಸಿ, ಹಿಮ್ಮಡಿ ಕೆಳಗೆ ಒತ್ತಿ, ದೂರ ನೋಡ್ತಾ ಹೋಗೋದು.

ಎರಡನೆಯದು, ಬ್ರೇಕ್. "ಮುಂದಿನ ಬ್ರೇಕ್ ಮುಟ್ಟಿದ್ರೆ ಪಲ್ಟಿ" ಅಂತ ಚಿಕ್ಕಂದಿನಲ್ಲಿ ಎಲ್ಲರಿಗೂ ಹೇಳಿರ್ತಾರೆ. ಆದರೆ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳೋದರಿಂದ ಸೈಕಲ್ ನಿಲ್ಲಿಸೋ ಶಕ್ತಿ ಹೆಚ್ಚಾಗಿ ಇರೋದು ಮುಂದಿನ ಚಕ್ರದಲ್ಲೇ. ಹಿಂದಿನದು ಹಗುರಾಗಿ ಜಾರತ್ತೆ. ಹಾಗಾಗಿ ಸೀಮೆಸುಣ್ಣದ ಗೆರೆ ಎಳೆದು, ಸೊಂಟ ಹಿಂದಕ್ಕೆ ತಂದು, ಎರಡೂ ಬ್ರೇಕನ್ನು ಒಂದೊಂದೇ ಬೆರಳಿನಲ್ಲಿ ಮೆಲ್ಲಗೆ ಹಿಂಡ್ತಾ, ಸರಿಯಾಗಿ ಗೆರೆ ಮೇಲೆ ನಿಲ್ಲಿಸೋದು.

ಮೂರನೆಯದು, ತಿರುವು. ಎರಡು ಚಪ್ಪಲಿ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತೋದು. ಬ್ರೇಕ್ ತಿರುವಿಗೆ ಮೊದಲೇ ಮುಗಿಯಬೇಕು. ವಾಲಬೇಕಾದ್ದು ಸೈಕಲ್, ನಾವಲ್ಲ. ಕಣ್ಣು ಹೋಗಬೇಕಾದ ಕಡೆಗಿರಬೇಕು, ಚಪ್ಪಲಿ ಮೇಲಲ್ಲ.

ಒಂದು ದಿನಕ್ಕೆ ಒಂದೇ. ಹತ್ತು ಕಡೆ ಕೋಡ್ ಬದಲಾಯಿಸಿ ಒಟ್ಟಿಗೆ ರನ್ ಮಾಡಿದರೆ ಬಗ್ ಎಲ್ಲಿದೆ ಅಂತ ಗೊತ್ತಾಗಲ್ಲ ಅಂತ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಭಾಷಣ ಬಿಗಿಯೋ ನಾವು, ನಮ್ಮ ಮೈಮೂಳೆ ವಿಷಯದಲ್ಲಿ ಮಾತ್ರ ಸೀದಾ ಪ್ರೊಡಕ್ಷನ್‌ಗೆ ಹೋಗ್ತೀವಲ್ಲ!

ಸಸ್ಪೆನ್ಷನ್ ದಂಡ ಅಂತ ನಾನು ಹೇಳ್ತಿಲ್ಲ. ಒಳ್ಳೆ ಬ್ರೇಕು, ಹಿಡಿತ ಇರೋ ಟೈರು ಬೇಕು. ಹೆಲ್ಮೆಟ್ ಅಂತೂ ಬೇಕೇ ಬೇಕು. ಆದರೆ ಬರದವನಿಗೆ ದುಬಾರಿ ಸೈಕಲ್ ಕೊಟ್ಟರೆ ಅದು ಅವನ ತಪ್ಪುಗಳನ್ನ ಸ್ವಲ್ಪ ದಿನ ಮುಚ್ಚಿಡತ್ತೆ, ಆಮೇಲೆ ಇನ್ನೂ ಜಾಸ್ತಿ ವೇಗದಲ್ಲಿ ಹೊರಗೆ ಹಾಕತ್ತೆ. ಇನ್ನು ಹೊಸಬರ ಬೆನ್ನ ಹಿಂದೆ ನಿಂತು "ಬ್ರೇಕ್ ಬಿಡು, ನುಗ್ಗು" ಅಂತ ಕೂಗೋರಿಗೆ ಒಂದು ಮಾತು. ನೀವು ಧೈರ್ಯ ಕೊಡ್ತಿಲ್ಲ, ಇನ್ನೊಬ್ಬರ ಮೂಳೆ ಪಣಕ್ಕಿಡ್ತಿದೀರ.

ಗಣೇಶನ ಹಬ್ಬಕ್ಕೆ ನಮ್ಮೂರಿನಲ್ಲಿ ಸ್ಲೋ ಸೈಕಲ್ ರೇಸ್ ಇಡೋರು, ನಿಮ್ಮೂರಲ್ಲೂ ಇಟ್ಟಿರ್ತಾರೆ. ಕಾಲು ನೆಲಕ್ಕೆ ಇಡದೆ ಎಲ್ಲರಿಗಿಂತ ಕೊನೆಗೆ ಬಂದವನೇ ಗೆದ್ದವನು. ಆಗ ಅದು ಹುಡುಗಾಟ ಅನ್ನಿಸ್ತಿತ್ತು. ಸೈಕಲ್ ನಮ್ಮ ಮಾತು ಕೇಳೋದು ಅಂದರೆ ಅದೇ ಅಂತ ಈಗ ಅರ್ಥ ಆಗ್ತಿದೆ.

ಮುಂದಿನ ತಿಂಗಳು ಅದೇ ಅವತಿಯ ಅದೇ ತಿರುವಿಗೆ ಹೋಗ್ತೀನಿ, ಅದೇ ಹಳೇ ಹಾರ್ಡ್‌ಟೇಲ್‌ನಲ್ಲಿ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅಷ್ಟರೊಳಗೆ ಬೇಸ್‌ಮೆಂಟಿಗೆ ಯಾರಾದ್ರೂ ಜೊತೆಗೆ ಬರೋದಾದ್ರೆ ಬನ್ನಿ. ಚಪ್ಪಲಿ ನೀವೇ ತನ್ನಿ.